ಮಗುವನ್ನು ಎತ್ತಿಕೊಂಡು ಮಂಗಳೂರಿಗೆ: ಬಸ್ಸಾ, ರೈಲಾ, ಕಾರಾ?

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಕಾಲಿಗೆ ಬಲ ಇಲ್ಲ, ಸೊಂಟ ಗಟ್ಟಿಯಾಗಿ ನಿಲ್ಲುವುದಿಲ್ಲ. ಕಾಸರಗೋಡು ಜಿಲ್ಲೆ ನೀರ್ಚಾಲಿನ ನಮ್ಮ ಮನೆಯಿಂದ, ಗಡಿಯ ಆಚೆ ಮಂಗಳೂರಿನ ಹತ್ತಿರದ ದೇರಳಕಟ್ಟೆಗೆ ಹದಿನೈದು ದಿನಕ್ಕೊಮ್ಮೆ ಫಿಸಿಯೋಥೆರಪಿಗೆ ಹೋಗಬೇಕು. ಮನೆಯಲ್ಲಿ ಚಿಕ್ಕವನೊಬ್ಬ ಇದ್ದಾನೆ, ಅವನ ಜೊತೆ ಅವಳ ಅಮ್ಮ ಇರಬೇಕು. ಹಾಗಾಗಿ ಕರೆದುಕೊಂಡು ಹೋಗುವವನು ನಾನೇ. ಐದು ವರ್ಷದಲ್ಲಿ ಬಸ್ಸು, ರೈಲು, ರಿಕ್ಷಾ, ಬಾಡಿಗೆ ಕಾರು ಎಲ್ಲವೂ ಆಗಿದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಬೇರೆ ಅಪ್ಪಂದಿರು ಕೇಳುವುದು ಒಂದೇ ಪ್ರಶ್ನೆ: ನೀವು ಹೇಗೆ ಬಂದಿರಿ? ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಟಿಕೆಟಿನ ದರ ನೋಡಿ ದಾರಿ ಆರಿಸಬೇಡಿ. ಕಿಲೋಮೀಟರ್ ನೋಡಿಯೂ ಬೇಡ. ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ ಮಗುವನ್ನು ಎಷ್ಟು ಸಲ ಎತ್ತಬೇಕು, ಎಷ್ಟು ಸಲ ಇಳಿಸಬೇಕು ಅಂತ ಲೆಕ್ಕ ಹಾಕಿ. ಹೋಗುವಾಗಿನದ್ದು ಮಾತ್ರ ಅಲ್ಲ, ಬರುವಾಗಿನದ್ದೂ ಸೇರಿಸಿ. ಬೆಳಗ್ಗೆ ಆರು ಗಂಟೆಗೆ ಇರುವ ಸೊಂಟ ಸಂಜೆ ನಾಲ್ಕಕ್ಕೆ ಇರುವುದಿಲ್ಲ, ನಿಮ್ಮದೂ ಅಷ್ಟೇ, ಮಗುವಿನದ್ದೂ ಅಷ್ಟೇ.

ಬಸ್ಸಿನ ದಾರಿ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಈ ದಾರಿಯಲ್ಲಿ ಉದ್ದಕ್ಕೂ ಓಡುವುದು ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು. ನಮ್ಮವರು ಸುಮ್ನೆ ಕೇರಳ ಬಸ್ಸು, ಕರ್ನಾಟಕ ಬಸ್ಸು ಅಂತಲೇ ಕರೆಯುತ್ತಾರೆ. ನಮ್ಮ ಕಡೆಯ ಖಾಸಗಿ ಬಸ್ಸುಗಳು ತಲಪಾಡಿಯವರೆಗೆ. ಅಲ್ಲಿ ಇಳಿದು, ಗಡಿಯ ಆಚೆ ನಿಂತಿರುವ ಮಂಗಳೂರಿನ ಸಿಟಿ ಬಸ್ಸು ಹತ್ತಬೇಕು. ಒಬ್ಬರೇ ಹೋಗುವಾಗ ಇದು ದೊಡ್ಡ ವಿಷಯ ಅಲ್ಲ. ಮಗು ಹೆಗಲ ಮೇಲಿದ್ದರೆ ತಲಪಾಡಿಯಲ್ಲಿ ಬಸ್ಸು ಬದಲಿಸುವ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಸಿಲಿಗೂ ಮಳೆಗೂ ಅದು ಕಷ್ಟ.

ಬಸ್ಸಿನ ಒಳ್ಳೆಯ ಗುಣ ಏನೆಂದರೆ ಒಂದು ತಪ್ಪಿದರೆ ಇನ್ನೊಂದು ಇದೆ. ಡಾಕ್ಟರ್ ತಡ ಮಾಡಿದರೂ ಗಾಬರಿ ಇಲ್ಲ. ಆಸ್ಪತ್ರೆಗೆ ಹತ್ತಿರದ ಸ್ಟಾಪಿನಲ್ಲೂ ಇಳಿಯಬಹುದು. ದೇರಳಕಟ್ಟೆಯ ಆಸ್ಪತ್ರೆಗಳಿಗೆ ಹೋಗುವವರು ತೊಕ್ಕೊಟ್ಟಿನಲ್ಲಿ, ಕಂಕನಾಡಿ ಕಡೆಗೆ ಹೋಗುವವರು ಪಂಪ್‌ವೆಲ್‌ನಲ್ಲಿ ಇಳಿದರೆ ಪೇಟೆಯೊಳಗಿನ ಸುತ್ತಾಟ ತಪ್ಪುತ್ತದೆ. ಮಂಗಳೂರಿನ ಒಳಗೆ ಹೋಗಿ ವಾಪಸ್ ಬರುವುದು ಹೊಸಬರು ಮಾಡುವ ತಪ್ಪು. ನಾನೂ ಮೊದಲ ಎರಡು ಸಲ ಹಾಗೇ ಮಾಡಿದ್ದೆ.

ಕಷ್ಟ ಇರುವುದು ಮೆಟ್ಟಿಲಿನಲ್ಲಿ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಬಾಗಿಲು ಸಣ್ಣದು. ಮಗು ನಾಲ್ಕು ವರ್ಷದವಳಿದ್ದಾಗ ಎಡಗೈಯಲ್ಲಿ ಅವಳು, ಬಲಗೈಯಲ್ಲಿ ಸರಳು ಹಿಡಿದು ಹತ್ತುತ್ತಿದ್ದೆ. ಈಗ ಎರಡೂ ಕೈ ಅವಳಿಗೇ ಬೇಕು. ಒಮ್ಮೆ ಹತ್ತುವಾಗ ಅವಳ ಚಪ್ಪಲಿ ಬಾಗಿಲಿನ ಸರಳಿಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಸೀಟಿ ಊದಿದರು, ಬಸ್ಸು ಹೊರಟೇಬಿಟ್ಟಿತು. ಹಿಂದಿದ್ದ ಹುಡುಗನೊಬ್ಬ ನನ್ನ ಬೆನ್ನಿಗೆ ಕೈ ಕೊಟ್ಟು ನಿಲ್ಲಿಸಿದ. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬಸ್ಸು ನಿಂತ ಕೂಡಲೇ ಹತ್ತುವುದಿಲ್ಲ. ಮೊದಲು ಕಂಡಕ್ಟರಿಗೆ ಕೇಳುವ ಹಾಗೆ "ಮಗುವಿಗೆ ನಡೆಯಲು ಆಗುವುದಿಲ್ಲ, ಸ್ವಲ್ಪ ನಿಲ್ಲಿಸಿ" ಅಂತ ಹೇಳುತ್ತೇನೆ. ಅವರು ಹೂಂ ಅಂದ ಮೇಲೆಯೇ ಕಾಲು ಎತ್ತುವುದು. ಹೇಳಿದರೆ ನಿಲ್ಲಿಸುತ್ತಾರೆ. ಬಹಳಷ್ಟು ಸಲ ಅವರೇ ಬಂದು ಮಗುವಿನ ಕಾಲು ಹಿಡಿಯುತ್ತಾರೆ.

ಸೀಟಿನ ವಿಷಯ ಅಪ್ಪಂದಿರಿಗೆ ಸ್ವಲ್ಪ ಬೇರೆ. ಕೇರಳದ ಬಸ್ಸುಗಳಲ್ಲಿ ಅಮ್ಮ ಮತ್ತು ಕೂಸಿಗೆ ಅಂತ ಸೀಟು ಇರುತ್ತದೆ. ಅಪ್ಪ ಮತ್ತು ಕೂಸಿಗೆ ಅಂತ ಎಲ್ಲೂ ಬರೆದಿಲ್ಲ. ಮಗಳನ್ನು ಮಹಿಳೆಯರ ಸೀಟಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತಾಗ ಒಂದು ಬಸ್ಸಿನಲ್ಲಿ ನನ್ನನ್ನು ಎಬ್ಬಿಸಿದರು. ಅವಳು ಒಬ್ಬಳೇ ಕೂತರೆ ತಿರುವಿನಲ್ಲಿ ಬಿದ್ದುಬಿಡುತ್ತಾಳೆ ಅಂತ ವಿವರಿಸುವಷ್ಟರಲ್ಲಿ ಅವಳ ಮುಖ ಸಣ್ಣದಾಗಿತ್ತು. ಈಗ ನಾನು ಆ ಸೀಟಿಗೆ ಹೋಗುವುದೇ ಇಲ್ಲ. ಅಂಗವಿಕಲರಿಗೆ ಇಟ್ಟ ಸೀಟು ಕೇಳುತ್ತೇನೆ. ಅದು ಅವಳ ಹಕ್ಕಿನ ಸೀಟು, ಜೊತೆಯವನಾಗಿ ನಾನು ಪಕ್ಕದಲ್ಲಿ ಇರಬಹುದು. ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ, ಒಂದು ಪ್ರತಿ ಅಂಗಿಯ ಜೇಬಿನಲ್ಲೇ ಇರಲಿ, ಬ್ಯಾಗಿನ ಅಡಿಯಲ್ಲಿ ಬೇಡ.

ಹೊಸ ಹೆದ್ದಾರಿಯ ಬಗ್ಗೆಯೂ ಹೇಳಬೇಕು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಆದ ಮೇಲೆ ಓಟ ಬೇಗ, ಗುಂಡಿ ಇಲ್ಲ. ಮಗುವಿಗೆ ಕುಲುಕಾಟ ಕಡಿಮೆ. ಆದರೆ ರಸ್ತೆ ದಾಟುವ ಕಷ್ಟ ಜಾಸ್ತಿ ಆಗಿದೆ. ಮೊದಲು ಇಳಿದಲ್ಲೇ ಆಚೆ ಬದಿಗೆ ಹೋಗಬಹುದಿತ್ತು. ಈಗ ಅಂಡರ್‌ಪಾಸ್ ಇರುವಲ್ಲಿಗೆ ಸರ್ವಿಸ್ ರಸ್ತೆಯಲ್ಲಿ ನಡೆಯಬೇಕು. ಆದ್ದರಿಂದ ಬರುವಾಗ ಯಾವ ಬದಿಯಲ್ಲಿ ಇಳಿಸುತ್ತಾರೆ, ರಿಕ್ಷಾ ಯಾವ ಬದಿಯಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ರಿಕ್ಷಾದವರಿಗೆ ಫೋನ್ ಮಾಡಿ ಇಳಿಯುವ ಬದಿಗೇ ಬರಲು ಹೇಳಿದರೆ ಒಂದು ಎತ್ತುವಿಕೆ ಉಳಿಯುತ್ತದೆ.

ದರದ ವಿಷಯ ಚುಟುಕಾಗಿ. ಕೇರಳದ ಬಸ್ಸಿನಲ್ಲಿ 5 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಕರ್ನಾಟಕದ ಬಸ್ಸಿನಲ್ಲಿ 6 ವರ್ಷದೊಳಗಿನವರಿಗೆ ಇಲ್ಲ. ಆಮೇಲೆ 12ರವರೆಗೆ ಎರಡರಲ್ಲೂ ಅರ್ಧ ಟಿಕೆಟ್. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಇರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ. ಕಾಸರಗೋಡಿನ ಆಧಾರ್ ತೋರಿಸಿ ಅದು ಸಿಗುವುದಿಲ್ಲ. ಕಂಡಕ್ಟರ್ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ.

ರೈಲಿನ ದಾರಿ

ನನ್ನ ಮನಸ್ಸು ರೈಲಿನ ಕಡೆಗೇ. ಕಾರಣ ಟಿಕೆಟ್ ಕಡಿಮೆ ಅಂತ ಅಲ್ಲ. ಕಡಿಮೆ ಇರುವುದೇನೋ ಹೌದು, ಬಸ್ಸಿಗಿಂತ ಎಷ್ಟೋ ಕಡಿಮೆ. 5 ವರ್ಷದೊಳಗೆ ಟಿಕೆಟ್ ಇಲ್ಲ, 12ರವರೆಗೆ ಜನರಲ್ ಬೋಗಿಯಲ್ಲಿ ಅರ್ಧ.

ನನ್ನ ಕಾರಣ ಬೇರೆ. ಮಗಳು ಏಳೆಂಟು ವರ್ಷದವಳಾದ ಮೇಲೆ ಅಪ್ಪನಿಗೆ ಎದುರಾಗುವ ದೊಡ್ಡ ಕಷ್ಟ ಶೌಚಾಲಯದ್ದು. ಬಸ್ ಸ್ಟ್ಯಾಂಡಿನಲ್ಲಿ ಗಂಡಸರದ್ದಕ್ಕೆ ಅವಳನ್ನು ಕರೆದುಕೊಂಡು ಹೋಗಲು ಮನಸ್ಸು ಬರುವುದಿಲ್ಲ. ಹೆಂಗಸರದ್ದಕ್ಕೆ ನಾನು ಹೋಗುವಂತಿಲ್ಲ. ಬಾಗಿಲಲ್ಲಿ ನಿಂತು ಯಾರಾದರೂ ಅಕ್ಕ ಬರುತ್ತಾರಾ ಅಂತ ಕಾಯಬೇಕು. ಅವರಾದರೂ ಎಷ್ಟು ಮಾಡಿಯಾರು? ಅವಳನ್ನು ಎತ್ತಿ ಹಿಡಿಯಬೇಕಲ್ಲ. ಇದೇ ಹೆದರಿಕೆಗೆ ಅವಳು ಬೆಳಗ್ಗೆಯಿಂದ ನೀರೇ ಕುಡಿಯದೆ ಇದ್ದ ದಿನಗಳಿವೆ. ಅದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಅಥವಾ ಹಿಂದಿನ ತುದಿಯಲ್ಲಿ ಅಂಗವಿಕಲರ ಬೋಗಿ ಇರುತ್ತದೆ. ಬಾಗಿಲು ಅಗಲ, ಒಳಗಿನ ಶೌಚಾಲಯವೂ ಅಗಲ. ಗಂಡು, ಹೆಣ್ಣು ಅಂತ ಬೋರ್ಡ್ ಇಲ್ಲ. ಮಗಳನ್ನು ನಾನೇ ಕರೆದುಕೊಂಡು ಹೋಗಿ, ಹಿಡಿಸರಳು ಹಿಡಿಸಿ ಕೂರಿಸಿ, ಬಾಗಿಲ ಹೊರಗೆ ನಿಲ್ಲಬಹುದು. ಇಷ್ಟು ಸಣ್ಣ ವಿಷಯ ಅಂತ ಅನಿಸಬಹುದು. ನಮ್ಮ ಮನೆಯಲ್ಲಿ ಅದು ದೊಡ್ಡ ವಿಷಯ. ರೈಲಿನ ದಿನ ಅವಳು ಹೊಟ್ಟೆ ತುಂಬ ನೀರು ಕುಡಿಯುತ್ತಾಳೆ, ಕಿಟಕಿಯಿಂದ ಹೊಳೆಗಳನ್ನು ಎಣಿಸುತ್ತಾಳೆ: ಶಿರಿಯ, ಉಪ್ಪಳ, ಆಮೇಲೆ ನೇತ್ರಾವತಿ. ನೇತ್ರಾವತಿ ಸೇತುವೆ ಮೇಲೆ ಗಾಡಿಯ ಸದ್ದು ಬದಲಾಗುತ್ತದೆ. ಆಗ ನನ್ನ ಕೈ ಗಟ್ಟಿ ಹಿಡಿಯುತ್ತಾಳೆ.

ಆ ಬೋಗಿಯಲ್ಲಿ ಬೇರೆಯವರು ಕೂತಿರುವುದು ಉಂಟು. ಜಗಳ ಬೇಡ. ಮೊದಲು ಕೇಳಿ, ಎದ್ದು ಜಾಗ ಕೊಡುವವರೇ ಹೆಚ್ಚು. ಕೊಡದಿದ್ದರೆ 139ಕ್ಕೆ ಫೋನ್ ಮಾಡಿ ಗಾಡಿಯ ಹೆಸರು ಹೇಳಿ. ಮಹಿಳೆಯರ ಬೋಗಿಗೆ ಮಗಳ ನೆಪದಲ್ಲಿ ಅಪ್ಪ ಹತ್ತುವಂತಿಲ್ಲ, ಅದು ನೆನಪಿರಲಿ.

ಇನ್ನು ನಿಲ್ದಾಣಗಳ ವಿಷಯ. ಕಾಸರಗೋಡು ಬಿಟ್ಟರೆ ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ಸಣ್ಣ ನಿಲ್ದಾಣಗಳು. ಎಲ್ಲ ಗಾಡಿ ನಿಲ್ಲುವುದಿಲ್ಲ, ನಿಂತರೂ ಒಂದೆರಡು ನಿಮಿಷ. ತುದಿಯ ಬೋಗಿ ಎಲ್ಲಿ ಬರುತ್ತದೆ ಅಂತ ಗೊತ್ತಿಲ್ಲದೆ ನಡುವಿನಲ್ಲಿ ನಿಂತರೆ ಮಗುವನ್ನು ಎತ್ತಿಕೊಂಡು ಓಡಬೇಕಾಗುತ್ತದೆ. ಹತ್ತು ನಿಮಿಷ ಮೊದಲೇ ಹೋಗಿ ಸ್ಟೇಷನ್ ಮಾಸ್ಟರನ್ನು ಕೇಳಿ. ಪ್ಯಾಸೆಂಜರ್ ಗಾಡಿ ಸಿಕ್ಕಿದರೆ ದೇರಳಕಟ್ಟೆಗೆ ಹೋಗುವವರು ಉಳ್ಳಾಲದಲ್ಲಿ ಇಳಿಯಬಹುದು. ತೊಕ್ಕೊಟ್ಟು ಅಲ್ಲೇ ಹತ್ತಿರ, ರಿಕ್ಷಾ ಸಿಗುತ್ತದೆ.

ಮಂಗಳೂರಿಗೇ ಹೋಗುವುದಾದರೆ ಸೆಂಟ್ರಲ್ ಮತ್ತು ಜಂಕ್ಷನ್ ನಡುವೆ ವ್ಯತ್ಯಾಸ ತುಂಬ ಇದೆ. ಸೆಂಟ್ರಲ್‌ನಲ್ಲಿ ಗಾಡಿಯ ಓಟ ಮುಗಿಯುತ್ತದೆ. ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಇಳಿಯಬಹುದು, ಯಾರೂ ನೂಕುವುದಿಲ್ಲ. ವೆನ್ಲಾಕ್ ಆಸ್ಪತ್ರೆ, ಹಂಪನಕಟ್ಟೆ, ಅತ್ತಾವರ ಎಲ್ಲ ಹತ್ತಿರ. ವಾಪಸ್ ಬರುವಾಗ ಗಾಡಿ ಅಲ್ಲಿಂದಲೇ ಹೊರಡುವುದರಿಂದ ಮೊದಲೇ ಹೋಗಿ ಖಾಲಿ ಬೋಗಿಯಲ್ಲಿ ಕೂರಬಹುದು. ಜಂಕ್ಷನ್ ಊರಿನ ಹೊರಗೆ, ಪಡೀಲು ಬದಿಯಲ್ಲಿ. ಅಲ್ಲಿ ಗಾಡಿ ಬಂದು ನಿಂತು ಮುಂದೆ ಹೋಗುತ್ತದೆ, ಪೇಟೆಗೆ ಇನ್ನೊಂದು ರಿಕ್ಷಾ ಬೇಕು. ಟಿಕೆಟ್ ತೆಗೆಯುವಾಗ ಗಾಡಿ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಕೌಂಟರಿನ ಸಾಲಿನಲ್ಲಿ ಮಗುವನ್ನು ಎತ್ತಿ ನಿಲ್ಲಬೇಡಿ. ಜನರಲ್ ಟಿಕೆಟ್ ಈಗ ಮೊಬೈಲಿನಲ್ಲೇ ಸಿಗುತ್ತದೆ, ನಿಲ್ದಾಣಕ್ಕೆ ಹೋಗುವ ಮೊದಲೇ ತೆಗೆದಿಟ್ಟುಕೊಳ್ಳಿ.

ವಂದೇ ಭಾರತ್ ಬಗ್ಗೆ ಕೇಳುವವರಿದ್ದಾರೆ. ತಿರುವನಂತಪುರದಿಂದ ಕಾಸರಗೋಡಿಗೆ ಬರುತ್ತಿದ್ದ ಒಂದು ವಂದೇ ಭಾರತ್ ಅನ್ನು 2024ರಲ್ಲಿ ಮಂಗಳೂರು ಸೆಂಟ್ರಲ್‌ವರೆಗೆ ಮುಂದುವರಿಸಿದರು. ಒಳಗೆ ಸೌಕರ್ಯ ಚೆನ್ನಾಗಿದೆ. ಆದರೆ ರಿಸರ್ವೇಶನ್ ಇಲ್ಲದೆ ಹತ್ತುವಂತಿಲ್ಲ, ಕುಂಬಳೆ ಮಂಜೇಶ್ವರದಲ್ಲಿ ನಿಲ್ಲುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗುವವರಿಗೆ ಅದು ಬೇಕಾಗಿಲ್ಲ.

ಜೊತೆಗೆ ಹೋಗುವ ಅಪ್ಪನಿಗೆ ಸಿಗುವ ರಿಯಾಯಿತಿ

ಇದು ಬಹಳ ಅಪ್ಪಂದಿರಿಗೆ ಗೊತ್ತಿಲ್ಲ. ರೈಲ್ವೆಯಲ್ಲಿ ರಿಯಾಯಿತಿ ಮಗುವಿಗೆ ಮಾತ್ರ ಅಲ್ಲ, ಜೊತೆಗೆ ಹೋಗುವ ಒಬ್ಬರಿಗೂ ಇದೆ. ಒಬ್ಬರೇ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್, ಮೂರನೇ ಎಸಿಯಲ್ಲಿ 75%. ಜೊತೆಯವರಿಗೂ ಅಷ್ಟೇ. ಥಲಸ್ಸೇಮಿಯಾ ಇರುವ ಮಕ್ಕಳಿಗೆ, ಹೃದಯದ ಆಪರೇಶನ್‌ಗೆ ಹೋಗುವವರಿಗೆ, ಕಿಡ್ನಿಯ ಡಯಾಲಿಸಿಸ್‌ಗೆ ಹೋಗುವವರಿಗೂ ಚಿಕಿತ್ಸೆಯ ಪ್ರಯಾಣಕ್ಕೆ ಇದೇ ಲೆಕ್ಕ. ಕ್ಯಾನ್ಸರ್ ಇದ್ದರೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ರೋಗಿಗೆ ಟಿಕೆಟ್ಟೇ ಇಲ್ಲ, ಜೊತೆಯವರಿಗೆ 75% ಕಡಿತ.

ಈ ರಿಯಾಯಿತಿ ಪಡೆಯಲು ಅಂಗವಿಕಲರ ದಾರಿ ಬೇರೆ, ರೋಗಿಗಳ ದಾರಿ ಬೇರೆ ಅಂತ ತಿಳಿದುಕೊಳ್ಳಿ. ಅಂಗವಿಕಲರಿಗೆ ರೈಲ್ವೆಯದ್ದೇ ಗುರುತಿನ ಕಾರ್ಡ್ ಇದೆ. ಸರಕಾರಿ ಆಸ್ಪತ್ರೆಯ ಡಾಕ್ಟರಿಂದ ರೈಲ್ವೆಯ ನಮೂನೆಯಲ್ಲಿ ಸರ್ಟಿಫಿಕೇಟ್ ಮಾಡಿಸಿ ಅರ್ಜಿ ಹಾಕಬೇಕು. ಕಾರ್ಡ್ ಕೈಗೆ ಬಂದ ಮೇಲೆ ಮನೆಯಿಂದಲೇ ಟಿಕೆಟ್ ಬುಕ್ ಮಾಡಬಹುದು. ರೋಗಿಗಳದ್ದು ಹಾಗಲ್ಲ. ಆಸ್ಪತ್ರೆಯಿಂದ ನಮೂನೆಯಲ್ಲಿ ಬರೆಸಿ, ಸಹಿ ಸೀಲು ಹಾಕಿಸಿ ಕೌಂಟರಿಗೇ ಹೋಗಬೇಕು. ಸೀಲು ಮಸುಕಾಗಿದ್ದರೆ ವಾಪಸ್ ಕಳಿಸುತ್ತಾರೆ, ಅಲ್ಲೇ ನೋಡಿ ಇನ್ನೊಮ್ಮೆ ಹೊಡೆಸಿಕೊಳ್ಳಿ.

ನನ್ನ ಅಭಿಪ್ರಾಯ ಹೇಳುವುದಾದರೆ, ಬರೀ ಮಂಗಳೂರಿಗೆ ಹೋಗುವವರಿಗೆ ಈ ರಿಯಾಯಿತಿಯಲ್ಲಿ ಉಳಿಯುವುದು ಚಿಲ್ಲರೆ ಹಣ. ಕಾರ್ಡಿನ ಬೆಲೆ ಆ ಅಗಲ ಬಾಗಿಲಿನ ಬೋಗಿಯಲ್ಲಿ ಧೈರ್ಯವಾಗಿ ಕೂರುವುದರಲ್ಲಿ ಇದೆ. ಹಣ ಉಳಿಯುವುದು ದೂರದ ಪ್ರಯಾಣಕ್ಕೆ. ತಿರುವನಂತಪುರದ ಕ್ಯಾನ್ಸರ್ ಆಸ್ಪತ್ರೆ ಆರ್‌ಸಿಸಿಗೋ, ಹೃದಯ ಮತ್ತು ಮಿದುಳಿನ ಚಿಕಿತ್ಸೆಯ ಶ್ರೀ ಚಿತ್ರಾಕ್ಕೋ ಹೋಗುವ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಮಾವೇಲಿ, ಮಲಬಾರ್ ಗಾಡಿಯಲ್ಲಿ ರಾತ್ರಿ ಮಲಗಿ ಹೋಗಬೇಕು. ಅಲ್ಲಿ ಎರಡು ಟಿಕೆಟಿನ ಮುಕ್ಕಾಲು ಪಾಲು ಉಳಿದರೆ ಎರಡು ದಿನದ ಊಟಕ್ಕೆ ಆಗುತ್ತದೆ. ತಾತಂದಿರ ವಿಷಯದಲ್ಲಿ ಮಾತ್ರ ಜನ ಇನ್ನೂ ಹಳೆಯ ನಂಬಿಕೆಯಲ್ಲಿದ್ದಾರೆ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ.

ಕಾರು, ರಿಕ್ಷಾ, ಬೈಕು

ಎತ್ತುವ ಲೆಕ್ಕದಲ್ಲಿ ಕಾರನ್ನು ಮೀರಿಸುವುದು ಯಾವುದೂ ಇಲ್ಲ. ಅಂಗಳದಲ್ಲಿ ಒಮ್ಮೆ, ಆಸ್ಪತ್ರೆಯ ಬಾಗಿಲಲ್ಲಿ ಒಮ್ಮೆ. ತಿಂಗಳಿಗೆ ಎರಡು ಸಲ ಬಾಡಿಗೆ ಕೊಡುವುದು ಮಾತ್ರ ಕೂಲಿ ಮಾಡುವವನಿಗೆ ಆಗುವುದಿಲ್ಲ. ನಾವು ಕಂಡುಕೊಂಡ ದಾರಿ ಜೊತೆಗೂಡುವುದು. ಹತ್ತಿರದ ಬಡ್ಸ್ ಶಾಲೆಗೆ (ವಿಶೇಷ ಮಕ್ಕಳ ಶಾಲೆ) ಮಗನನ್ನು ಕಳಿಸುವ ಇನ್ನೊಬ್ಬರು ಅದೇ ಆಸ್ಪತ್ರೆಗೆ ಬರುತ್ತಾರೆ. ಇಬ್ಬರೂ ಒಂದೇ ದಿನಕ್ಕೆ ಚೀಟಿ ಬರೆಸಿಕೊಂಡೆವು. ಮಳೆಗಾಲದ ಮೂರು ತಿಂಗಳು ಕಾರು, ಬಾಡಿಗೆ ಅರ್ಧರ್ಧ. ಎಂಡೋಸಲ್ಫಾನ್ ಕೀಟನಾಶಕದ ಬಾಧೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಇಂಥ ಅಪ್ಪಂದಿರು ಪಕ್ಕಪಕ್ಕದ ಮನೆಗಳಲ್ಲೇ ಇದ್ದಾರೆ, ಒಬ್ಬರನ್ನೊಬ್ಬರು ಕೇಳಿ ನೋಡಿ.

ಕಾರು ಹಳದಿ ಬೋರ್ಡಿನದ್ದೇ ಆಗಿರಲಿ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ತಂದು ಏನಾದರೂ ಆದರೆ ವಿಮೆ ಸಿಗುವುದು ಕಷ್ಟ. ಗಡಿ ದಾಟುವ ಪರ್ಮಿಟ್ ಇದೆಯಾ, ತಲಪಾಡಿಯ ಟೋಲ್ ಬಾಡಿಗೆಯಲ್ಲಿ ಸೇರಿದೆಯಾ, ಕಾಯುವ ಹೊತ್ತಿಗೆ ಎಷ್ಟು, ಈ ಮೂರು ಮಾತು ಹತ್ತುವ ಮೊದಲೇ ಆಡಿ.

ರಿಕ್ಷಾ ಅರ್ಧ ದಾರಿಗೆ ಒಳ್ಳೆಯದು. ನಾವು ಬೇಸಿಗೆಯಲ್ಲಿ ಮಾಡುವುದು ಹೀಗೆ: ಮನೆಯಿಂದ ಕುಂಬಳೆ ನಿಲ್ದಾಣಕ್ಕೆ ಪರಿಚಯದ ರಿಕ್ಷಾ, ಅಲ್ಲಿಂದ ರೈಲು, ಇಳಿದಲ್ಲಿಂದ ಆಸ್ಪತ್ರೆಗೆ ಮತ್ತೆ ರಿಕ್ಷಾ. ಮೂರು ಬಸ್ಸು ಹಿಡಿದರೂ ಎತ್ತುವುದು ಮೂರೇ ಸಲ ಅಲ್ವಾ ಅಂತ ಕೇಳಬಹುದು. ರಿಕ್ಷಾದ ಸೀಟು ನನ್ನ ಸೊಂಟದ ಎತ್ತರಕ್ಕಿಂತ ಕೆಳಗೆ, ಬಸ್ಸಿನದ್ದು ಎದೆಯ ಮೇಲೆ. ಎತ್ತಿದವನಿಗೆ ಅದು ಗೊತ್ತಾಗುತ್ತದೆ.

ಬೈಕಿನಲ್ಲಿ ಹೋಗುವ ಅಪ್ಪಂದಿರಿಗೆ: 9 ತಿಂಗಳಿಂದ 4 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಮತ್ತು ಕಟ್ಟುವ ಬೆಲ್ಟ್ ಎರಡೂ ಕಡ್ಡಾಯ, ವೇಗ 40 ಮೀರುವಂತಿಲ್ಲ. ಹತ್ತಿರದ ಡಾಕ್ಟರಲ್ಲಿಗೆ ಸರಿ. ಹೆದ್ದಾರಿಯಲ್ಲಿ ಮಂಗಳೂರಿಗೆ ಬೇಡ.

ನಿಮ್ಮ ಊರು ಎಲ್ಲಿದೆ?

ಇಷ್ಟು ಹೊತ್ತು ನಾನು ಕುಂಬಳೆಯ ಹತ್ತಿರದವನಾಗಿ ಮಾತಾಡಿದೆ. ಪೆರ್ಲದವರು ಕಡಲ ಬದಿಗೆ ಇಳಿಯಬೇಕಾಗಿಲ್ಲ. ಅಡ್ಕಸ್ಥಳ ದಾಟಿ ವಿಟ್ಲ, ಪುತ್ತೂರಿಗೆ ನೇರ ಬಸ್ಸಿದೆ. ಅಲ್ಲಿಯ ಆಸ್ಪತ್ರೆಯಲ್ಲೇ ಕೆಲಸ ಆಗುತ್ತದೆ ಅಂದರೆ ಒಂದೇ ಎತ್ತುವಿಕೆ. ಮುಳ್ಳೇರಿಯ, ಆದೂರಿನವರಿಗೆ ಜಾಲ್ಸೂರಿನ ಮೇಲೆ ಸುಳ್ಯ, ಅಲ್ಲಿಯೂ ಮೆಡಿಕಲ್ ಕಾಲೇಜು ಇದೆ. ವರ್ಕಾಡಿ, ಬಾಕ್ರಬೈಲು ಕಡೆಯವರಿಗೆ ಮುಡಿಪಿನ ಮೇಲೆ ದೇರಳಕಟ್ಟೆ ಹತ್ತಿರ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಬದಿಯಡ್ಕ ಮತ್ತು ಪೆರ್ಲದ ನಡುವೆ ದಾರಿಯಲ್ಲೇ ಇದೆ. ನಿಮಗೆ ಬೇಕಾದ ವಿಭಾಗ ಅಲ್ಲಿ ಇದೆಯಾ ಅಂತ ಮೊದಲು ವಿಚಾರಿಸಿ. ದಕ್ಷಿಣಕ್ಕೆ ಪರಿಯಾರಂ ಮೆಡಿಕಲ್ ಕಾಲೇಜು ದೂರ ಆದರೂ ಹೆದ್ದಾರಿಯ ಬದಿಯಲ್ಲೇ ಇದೆ, ಕಾಸರಗೋಡಿನಲ್ಲಿ ಬಸ್ಸು ಹತ್ತಿದರೆ ಅದರ ಎದುರೇ ಇಳಿಯಬಹುದು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸ್‌ಗಳೂ ವಾಪಸ್ ಬಂದದ್ದನ್ನು ನಾವು ಮರೆತಿಲ್ಲ. ಗಡಿಯ ಈಚೆಗೂ ಒಂದು ಆಸ್ಪತ್ರೆಯಲ್ಲಿ ಮಗುವಿನ ಫೈಲ್ ಇರಲಿ ಅಂತ ನಾನು ಹೇಳುವುದು ಅದಕ್ಕೇ.

ತುರ್ತಿಗೆ ಎರಡೂ ರಾಜ್ಯದಲ್ಲಿ 108. ಹೊಸದಾಗಿ ಅಪ್ಪ ಆದವರಿಗೆ: ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆದರೆ ತಾಯಿ ಮತ್ತು ಕೂಸನ್ನು ಮನೆಗೆ ಬಿಡುವ ವಾಹನ ಉಚಿತ. ಕೇರಳದಲ್ಲಿ ಅದು ಮಾತೃಯಾನಂ, ಕರ್ನಾಟಕದಲ್ಲಿ ನಗು-ಮಗು. ಮಂಗಳೂರಿನ ಲೇಡಿಗೋಶನ್‌ನಲ್ಲಿ ಹೆರಿಗೆ ಆದವರು ಗಡಿಯ ಈಚೆ ಮನೆಯವರೆಗೆ ಬಿಡುತ್ತಾರಾ ಅಂತ ಡಿಸ್ಚಾರ್ಜಿನ ಹಿಂದಿನ ದಿನವೇ ವಾರ್ಡಿನಲ್ಲಿ ಕೇಳಿ. ಹೊರಡುವ ಹೊತ್ತಿಗೆ ಕೇಳಿದರೆ ಕೂಸನ್ನು ಹಿಡಿದು ಬಿಸಿಲಲ್ಲಿ ರಿಕ್ಷಾ ಹುಡುಕಬೇಕಾದೀತು. ಮಕ್ಕಳನ್ನು ಮಂಗಳೂರಿನ ಕಾಲೇಜಿಗೆ ಕಳಿಸುವವರಿಗೆ ರೈಲಿನ ಸೀಸನ್ ಟಿಕೆಟ್. ಹೆಣ್ಣು ಮಕ್ಕಳಿಗೆ ಡಿಗ್ರಿಯವರೆಗೆ, ಗಂಡು ಮಕ್ಕಳಿಗೆ 12ನೇ ತರಗತಿಯವರೆಗೆ ಸೆಕೆಂಡ್ ಕ್ಲಾಸಿನದ್ದು ಉಚಿತ, ಕಾಲೇಜಿನ ಸರ್ಟಿಫಿಕೇಟ್ ಬೇಕು.

ಹೊರಡುವ ಹಿಂದಿನ ರಾತ್ರಿ ನಾನು ಬ್ಯಾಗಿಗೆ ಹಾಕುವುದು ಇಷ್ಟು: ಕಾರ್ಡುಗಳ ಪ್ರತಿ, ಒಂದು ಜೊತೆ ಬಟ್ಟೆ, ಬೈರಾಸು, ನೀರಿನ ಬಾಟಲಿ, ಇಬ್ಬರಿಗೂ ರೈನ್‌ಕೋಟು. ಮಗುವನ್ನು ಎತ್ತಿದವನಿಗೆ ಕೊಡೆ ಹಿಡಿಯಲು ಕೈ ಉಳಿಯುವುದಿಲ್ಲ. ಅವಳದ್ದು ಹಳದಿ, ಅವಳೇ ಆರಿಸಿದ್ದು. ನೀರಿನ ಬಾಟಲಿಯನ್ನು ಈಗ ತುಂಬಿಸಿ ಇಡುವವಳೂ ಅವಳೇ.